ಪ್ಲೇಗಿನ ಶೆಡ್ಡಿನಲ್ಲಿ ಹೆಣ್ಣುಮಕ್ಕಳ ಶಾಲೆ

ನಾನು ನಿಂತಿದ್ದದ್ದು ಹರಿಹರದ ಹೊರಗೆ, ಹಳೆಯ ಪ್ಲೇಗಿನ ಶೆಡ್ಡಿನ ಒಳಗೆ, ಬಾಗಿಲಿನಿಂದ ಎರಡು ಮಾರು ದೂರದಲ್ಲಿ, ಅಂಗಳದ ಕಡೆ ಮುಖ ಮಾಡಿಕೊಂಡು. ಜೂನ್ ತಿಂಗಳ ಸೋಮವಾರ, ಬೆಳಗಿನ ಹೊತ್ತು. ಇಸವಿ ಮಾತ್ರ ಐವತ್ತೆಂಟೋ ಐವತ್ತೊಂಬತ್ತೋ. ಉಳಿದದ್ದಕ್ಕೆ ನಾನು ಜವಾಬ್ದಾರ.

ಪ್ಲೇಗಿನ ಕಾಲದಲ್ಲಿ ರೈಲಿಳಿದವರನ್ನು ಊರೊಳಗೆ ಬಿಡದೆ ಇರಿಸುತ್ತಿದ್ದ ಕಟ್ಟಡ ಅದು. ದಪ್ಪ ಕಲ್ಲುಗೋಡೆ, ಗಾಳಿಗೆಂದು ಸಾಲು ಕಿಟಕಿ. ಅದನ್ನು ಕೆಡವಿ ಕಲ್ಲು ಹರಾಜು ಹಾಕುವುದೆಂದು ಪುರಸಭೆಯಲ್ಲಿ ತೀರ್ಮಾನವಾಗಿತ್ತು. ಹತ್ತಿ ಗೋದಾಮಿನ ಜಗಲಿಯ ಮೇಲೆ ಕೆಮ್ಮುತ್ತಾ ಕಲಿಯುತ್ತಿದ್ದ ಹೆಣ್ಣುಮಕ್ಕಳಿಗೆ ಇದನ್ನೇ ಶಾಲೆ ಮಾಡೋಣವೆಂದು, ಓವರ್‌ಸಿಯರ್ ಆಗಿದ್ದ ನಾನು ವಾದಿಸಿ ಗೆದ್ದಿದ್ದೆ. ಷರತ್ತು ಒಂದೇ: ಮೊದಲ ದಿನ ಮಕ್ಕಳು ಒಳಗೆ ಬಾರದಿದ್ದರೆ ಹರಾಜು.

ತಾಯಂದಿರು ಮಕ್ಕಳ ಕೈ ಹಿಡಿದು ಅಂಗಳದಲ್ಲೇ ನಿಂತರು. ನಾನು ಭಾಷಣ ಶುರುಮಾಡಿದೆ. ರೋಗ ಹೋಗಿ ಎಷ್ಟೋ ಕಾಲವಾಯಿತು, ಓದಿದವರು ಹೆದರಬಾರದು, ನೋಡಿ ನಾನೇ ಒಳಗೆ ನಿಂತಿದ್ದೇನೆ ಎಂದೆ. ಆಗ ಹಂಚಿನ ಸಂದಿಯಿಂದ ಒಂದು ಇಲಿ ನನ್ನ ಕಾಲ ಬುಡಕ್ಕೆ ಬಿತ್ತು. ಸತ್ತಿತ್ತು.

ನಮ್ಮ ಕಡೆ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ, ಮನೆ ಬಿಡಬೇಕು. ಒಲೆಯ ಮೇಲಿನ ಅನ್ನವನ್ನೂ ಇಳಿಸದೆ ಊರು ಬಿಟ್ಟವರ ಕತೆ ಕೇಳಿಯೇ ನಾನು ಬೆಳೆದವನು. ಓಡಿದ್ದು ನೆನಪಿಲ್ಲ. ಎಚ್ಚರವಾದಾಗ ಬೇವಿನ ಮರದ ಕೆಳಗಿದ್ದೆ, ಒಂದೇ ಚಪ್ಪಲಿಯಲ್ಲಿ. ತಾಯಂದಿರಲ್ಲಿ ಒಬ್ಬರೂ ಅಷ್ಟು ದೂರ ಓಡಿರಲಿಲ್ಲ.

ಹೆಡ್‌ಮಿಸ್ಟ್ರೆಸ್ ಬಾಗಿಲಿಂದ ಕೂಗಿದರು: "ಸಾಹೇಬ್ರೆ, ಶನಿವಾರ ಹಂಚಿನ ಕೆಳಗೆ ಇಲಿ ಪಾಷಾಣ ಇಡ್ಸಿದ್ದು ಯಾರ್ರಿ?"

"ನಾನೇರಿ." ಹಳೆಯ ತೊಲೆಗಳನ್ನು ಇಲಿ ಕಡಿಯದಿರಲೆಂದು ನಾನೇ ಎದುರು ನಿಂತು ಇಡಿಸಿದ್ದೆ.

"ಮತ್ತೆ ಓಡಿದ್ಯಾಕ?"

ಮೊದಲು ನಕ್ಕವಳು ಬಳೆ ಮಾರುವ ಸಾಬರ ಹೆಂಡತಿ. "ಇಲಿ ಪಾಷಾಣ ತಿಂದು ಸತ್ತೈತೆ. ಸಾಹೇಬ್ರು ತಿನ್ನದೇನೆ ಸಾಯಾಕ್ ಹತ್ಯಾರಲ್ರೀ!"

ಅಂಗಳವೆಲ್ಲ ನಕ್ಕಿತು. ಆಕೆ ಪೊರಕೆಯಿಂದ ಇಲಿಯನ್ನು ಹೊರಗೆ ತಳ್ಳಿ, ಮಗಳನ್ನು ಒಳಗೆ ತಳ್ಳಿದಳು. "ಹೋಗೇ, ಹೆದ್ರೋರು ಹೊರಗದಾರೆ." ಒಬ್ಬೊಬ್ಬರಾಗಿ ಉಳಿದ ತಾಯಂದಿರೂ ಕೈ ಬಿಟ್ಟರು.

ಕಲ್ಲು ಹರಾಜಾಗಲಿಲ್ಲ. ನಾನು ಮಾತ್ರ ಆಗ ಕಳೆದ ಚಪ್ಪಲಿ ಹುಡುಕುತ್ತಿದ್ದೆ. ಯಾರ ಹಿಂದೆ ಯಾರು ಒಳಗೆ ಹೋದರೆಂದು ನಾನು ಹೇಳಲಾರೆ. ಅದನ್ನು ಕಂಡವರಲ್ಲಿ, ನನಗೆ ತಿಳಿದಂತೆ, ಇನ್ನೂ ಬದುಕಿರುವವರು ಇಬ್ಬರು: ಗುತ್ತೂರಿನಲ್ಲಿ ಟೀಚರ್ ಆಗಿ ನಿವೃತ್ತಳಾದ ಆ ಬಳೆಗಾರರ ಮಗಳು, ಮತ್ತು ಅಂದು ಆ ಮಕ್ಕಳಲ್ಲಿ ಒಬ್ಬಳಾಗಿದ್ದು, ಎರಡನೆಯವಳಾಗಿ ಒಳಗೆ ಹೋದೆನೆಂದು ಈಗಲೂ ಹೇಳುವ, ನಂದಿಗುಡಿಗೆ ಕೊಟ್ಟ ನನ್ನ ತಂಗಿ.