ಬದುವಿಗೊಂದು ಸತ್ತ ಪದ

ಠಪ್, ಠಪ್. ಸ್ವಲ್ಪ ತಡೆದು ಮತ್ತೆ ಠಪ್. ಅವ್ವ ಹೊಲದ ಬದುವಿನ ಮೇಲೆ ಕುಳಿತು ಒಣಗಿದ ಕುಸುಬಿಯನ್ನು ಬಡಿಗೆಯಿಂದ ಬಡಿಯುತ್ತಿದ್ದ ಸದ್ದು ಅದು. ಇಬ್ಬನಿಗೆ ಮುಳ್ಳು ಮೆತ್ತಗಾಗಿರುವಾಗ ಕೊಯ್ಯುವುದು, ಬಿಸಿಲೇರಿದ ಮೇಲೆ ಬಡಿಯುವುದು. ನಡುವಿನ ಆ ತಡೆ ಬೆರಳಿನ ಮುಳ್ಳು ಕಿತ್ತುಕೊಳ್ಳಲಿಕ್ಕೆ.

ಮೇಲವಂಕಿಯ ನಮ್ಮ ಹೊಲದ ಸುತ್ತ ಎರಡು ಮೊಳ ಅಗಲದ ಬದು ಇತ್ತು. ನೇಗಿಲು ಅದನ್ನು ಮುಟ್ಟುತ್ತಿರಲಿಲ್ಲ. ಒಳಗಿನ ಜೋಳ ಅಪ್ಪನದು. ಬದುವಿನ ಮೇಲಿನ ಕುಸುಬಿ, ಪುಂಡಿ, ಅಲಸಂದಿ ಎಲ್ಲ ಅವ್ವನದು. ಮಗಳು ಮದುವೆಯಾಗಿ ಹೋದರೆ ಆ ಬೆಳೆ ಅವಳ ಪಾಲಿಗೆ. ನಮ್ಮ ಮನೆತನದ ಈ ಪದ್ಧತಿಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ನನ್ನನ್ನು ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. ಏಳನೆಯ ಇಯತ್ತೆಯಲ್ಲಿ ‘ಮೈ ಫಾದರ್ಸ್ ಫೀಲ್ಡ್’ ಅಂತ ಕಾಂಪೊಸಿಷನ್ ಬರೆಯುವಾಗ ಬದುವಿಗೆ ಇಂಗ್ಲಿಷ್ ಪದ ಸಿಗಲಿಲ್ಲ. ಎಜ್ ಅಂದರೆ ಕುಡುಗೋಲಿನ ನೆನಪು. ಬ್ರಿಂಕ್ ಬೀಳುವ ಜಾಗ, ಗೋಕಾಕ ಫಾಲ್ಸಿನ ತುದಿಯ ಹಾಗೆ. ಮಾರ್ಜಿನ್ ನೋಟ್‌ಬುಕ್ಕಿನದು, ಅಲ್ಲಿ ಟೀಚರ ಕೆಂಪು ಶಾಯಿ ಬಿಟ್ಟು ಬೇರೇನೂ ಬೆಳೆಯುವುದಿಲ್ಲ. ಬಾರ್ಡರ್ ಸೀರೆಯ ದಡಿಗಾದೀತು, ಇಲ್ಲವೇ ಎರಡು ರಾಜ್ಯಗಳ ಜಗಳಕ್ಕೆ. ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ದಪ್ಪ ಡಿಕ್ಷನರಿ ತೆರೆದು ಒಂದು ಪದ ತೋರಿಸಿದರು: ರ‍್ಯಾಂಡ್. ಉಳದೆ ಬಿಟ್ಟ ಹೊಲದ ಅಂಚಿನ ಪಟ್ಟಿ. ಪಕ್ಕದಲ್ಲೇ ‘ಆಬ್ಸೊಲೀಟ್’ ಎಂಬ ಗುರುತು.

“ಡೆಡ್ ವರ್ಡ್, ಚೈಲ್ಡ್,” ಅಂದರು ಸಿಸ್ಟರ್. ಈಗ ಬೂಟು ಹೊಲಿಯುವವರು ಮಾತ್ರ ಅದನ್ನು ಬಳಸುತ್ತಾರಂತೆ, ಅದೂ ಹಿಮ್ಮಡಿಯ ತೊಗಲಿನ ಪಟ್ಟಿಗೆ. “ಯು ರೈಟ್ ಬೌಂಡರಿ.”

ಬೌಂಡರಿ ಅಂತಲೇ ಬರೆದೆ. ಒಳ್ಳೆಯ ಮಾರ್ಕ್ಸ್ ಬಂತು. ಆದರೂ ಸಮಾಧಾನವಾಗಲಿಲ್ಲ. ಬೌಂಡರಿ ಬರೀ ಒಂದು ಗೆರೆ, ಅದಕ್ಕೆ ಅಗಲವೇ ಇಲ್ಲ. ಅದರ ಮೇಲೆ ಅವ್ವ ಹೇಗೆ ಕೂತಾಳು?

ಮದುವೆಯಾಗಿ ಹುಕ್ಕೇರಿಗೆ ಬಂದೆ. ಅವ್ವ ತೀರಿಕೊಂಡ ನಂತರವೂ ಪ್ರತಿ ವರ್ಷ ಶಿವರಾತ್ರಿ ಮುಗಿಯುತ್ತಲೇ ಅಣ್ಣ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಹೆಗಲ ಮೇಲೆ ಕೈಚೀಲ, ಕೈಯಲ್ಲಿ ಮೂಡಲಗಿಯ ಗಾಣದಲ್ಲಿ ತೆಗೆಸಿದ ಕುಸುಬೆಣ್ಣೆಯ ಡಬ್ಬಿ.

“ತಂಗೆವ್ವಾ, ನಿನ್ನ ಬದು ಹೊತ್ತ ತಂದೇನಿ ನೋಡು. ನಿಮ್ಮ ಕಾನ್ವೆಂಟಿನಾಗ ಇದಕ್ಕ ಹೆಸರ ಇಲ್ಲಂತ, ಆದ್ರ ಎಣ್ಣಿ ಮಾತ್ರ ಭಾಳ ಚಲೋ ಐತಿ!”

ಅಪ್ಪ ತೀರಿ ಎಷ್ಟೋ ವರ್ಷಗಳ ಮೇಲೆ ಹೊಲವನ್ನು ಅಣ್ಣನ ಹೆಸರಿಗೆ ಮಾಡಲು ನನ್ನ ಸಹಿ ಬೇಕಾಯಿತು. ಗೋಕಾಕದಲ್ಲಿ ಪತ್ರ ಬರೆಯುವವರು ಚಕ್ಕುಬಂದಿ ಓದಿದರು: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಕಾಲುವೆ. ನಾಲ್ಕು ದಿಕ್ಕಿಗೆ ನಾಲ್ಕು ಗೆರೆ. ಬದುವಿನ ಸುದ್ದಿಯೇ ಇಲ್ಲ.

“ಅಣ್ಣಾ, ಬದುವಿಂದು ಬರಸೂದು ಬ್ಯಾಡೇನು?” ಅಂದೆ.

“ನನ್ನ ಮ್ಯಾಲ ಭರೋಸಾ ಇಲ್ಲೇನವಾ?” ಅಂದ ಅಣ್ಣ.

ಅವನ ಹೆಂಡತಿ, ನನ್ನ ವೈನಿ, ಬಾಯಿಗೆ ಸೆರಗು ಹಿಡಿದು ನಕ್ಕಳು. “ಇಷ್ಟ ಇಂಗ್ಲಿಷ್ ಕಲತಾಕಿ, ಪುಂಡಿಪಲ್ಲೆನೂ ರಜಿಸ್ಟರ್ ಮಾಡಸ್ತಾಳಂತ!”

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಸಹಿ ಹಾಕಿದೆ.

ಮೂರು ವರ್ಷಕ್ಕೆ ಹೊಲ ಪೂರಾ ಕಬ್ಬಾಯಿತು. ಎರಡು ಸಾಲು ಹೆಚ್ಚು ಕೂರಲಿ ಅಂತ ಟ್ರ್ಯಾಕ್ಟರಿನಿಂದ ಬದು ಒಡೆಸಿದರಂತೆ. ಆಗ ನನಗೆ ಯಾರೂ ಹೇಳಲಿಲ್ಲ. ಆ ವರ್ಷ ಶಿವರಾತ್ರಿ ಹೋಯಿತು, ಯುಗಾದಿಯೂ ಹೋಯಿತು, ಅಣ್ಣ ಬರಲಿಲ್ಲ. ಫೋನ್ ಮಾಡಿದರೆ ವೈನಿ ಎತ್ತಿದಳು. “ಬದು ಒಡಿಸೇವಲ್ಲ, ಬರಿಗೈಲೆ ತಂಗಿ ಮನಿಗಿ ಹೆಂಗ ಹೋಗ್ಲಿ ಅಂತಾರವಾ. ನಾಚಿಕಿ ಅಕ್ಕೈತಂತ.”

ಬದು ಹೋದರೆ ಹೋಗಲಿ, ಅವನನ್ನು ಬರಿಗೈಯಲ್ಲೇ ಕಳಿಸು ಅನ್ನಬೇಕಿತ್ತು. ನನಗೆ ತವರು ಅಂತ ಉಳಿದಿದ್ದವನು ಅವನೊಬ್ಬನೇ. ನಾನು “ಇಟ್ಸ್ ಆಲ್ ರೈಟ್” ಅಂದು ಫೋನ್ ಇಟ್ಟೆ. ಸಿಟ್ಟು ಬಂದಾಗ ನಾನು ಇಂಗ್ಲಿಷಿಗೆ ಹೋಗುತ್ತೇನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ವರ್ಷ ಅವನು ಬರಲಿಲ್ಲ, ನಾನೂ ಹೋಗಲಿಲ್ಲ. ಸಿಲ್ಲಿ ಪ್ರೈಡ್, ಈಗ ಅದಕ್ಕೆ ಬೇರೆ ಏನೆನ್ನಲಿ.

ಕೊನೆಗೆ ವೈನಿಯೇ ಫೋನ್ ಮಾಡಿದಳು. “ಭಾಳ ಸೊರಗ್ಯಾರ. ಒಮ್ಮಿ ಬಂದು ಹೋಗು.”

ಹೋದೆ. ಅಣ್ಣ ನನ್ನನ್ನು ಕೂರಲೂ ಬಿಡಲಿಲ್ಲ. ರುಮಾಲು ಸುತ್ತಿಕೊಂಡು ಹೊಲಕ್ಕೆ ಹೊರಡಿಸಿದ. ಎಲ್ಲಿ ನೋಡಿದರೂ ತಲೆ ಮೀರಿದ ಕಬ್ಬು. ನಮ್ಮದು ಎಲ್ಲಿಗೆ ಮುಗಿಯಿತು, ಪಕ್ಕದವರದು ಎಲ್ಲಿಂದ ಶುರುವಾಯಿತು, ಒಂದೂ ತಿಳಿಯುತ್ತಿರಲಿಲ್ಲ.

“ಇಲ್ಲೇ ಇತ್ತು ನೋಡು,” ಅಂದ. ನಾಲ್ಕು ಹೆಜ್ಜೆ ನಡೆದು ನಿಂತ. “ತಡಿ, ಇಲ್ಲಲ್ಲ.” ಮತ್ತೆ ಹಿಂದಕ್ಕೆ ಬಂದ. “ಎರಡ ಸಾಲು ಕಬ್ಬು ಕೀಳಸ್ತೇನಿ ತಂಗೆವ್ವಾ, ಮತ್ತ ಬದು ಹಾಕಸ್ತೇನಿ. ಎಲ್ಲಿತ್ತು ಅಂತ ನೀ ಒಂದ ಕೈ ಮಾಡಿ ತೋರಸು.”

ಎಲ್ಲಿಗೆ ಕೈ ತೋರಿಸಿದ್ದರೂ ಅವನಿಗೆ ಸಾಕಾಗುತ್ತಿತ್ತು. ಅಷ್ಟು ಈಗ ತಿಳಿಯುತ್ತದೆ. ಆಗ ನಾನು ಕಾನ್ವೆಂಟಿನ ಹುಡುಗಿಯ ಹಾಗೆ ನಿಜವನ್ನೇ ಹೇಳಿದೆ.

“ನನಗೂ ತಿಳೀವಲ್ದು ಅಣ್ಣಾ. ಬಸ್ಸಿನ ಹೊತ್ತಾತು.”

“ಹೌದಲ್ಲ. ನೀ ನಡಿ, ಮನಿಯಾಗ ಚಾ ಕುಡದ ಹೋಗು. ನಾ ಹುಡಿಕಿ ಬರತೇನಿ.”

ರಸ್ತೆ ಮುಟ್ಟಿ ತಿರುಗಿ ನೋಡಿದೆ. ಅಣ್ಣ ಬಗ್ಗಿ ಎರಡೂ ಕೈಯಿಂದ ಎಲೆ ಸರಿಸಿದ. ಪಾದದಿಂದ ನೆಲ ಒತ್ತಿ ನೋಡಿದ. ಅಲ್ಲ ಅನ್ನುವಂತೆ ತಲೆಯಾಡಿಸಿ ಕಬ್ಬಿನೊಳಗೆ ಇನ್ನೊಂದು ಹೆಜ್ಜೆ ಇಟ್ಟ. ಅವನ ಬಿಳಿ ರುಮಾಲು ಸ್ವಲ್ಪ ಹೊತ್ತು ಕಂಡಿತು. ಅಣ್ಣನನ್ನು ನಾನು ನೋಡಿದ್ದು ಅದೇ ಕೊನೆ.