ಗಿಳಿಯ ರೆಕ್ಕೆಯಲ್ಲಿ ಒಂದು ಕೆಂಪು ಖಾನೆ

ಬೆಳಗಿನ ಆರೂಕಾಲು. ಶಾಲೆಯ ಗೇಟಿನ ಬೀಗ ತೆಗೆದ ಈ ಮಹಿಳೆ ಪೊರಕೆ ಹಿಡಿಯುವ ಮೊದಲು ನಾಲ್ಕನೇ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತುಬಿಡುತ್ತಾರೆ. ಮುಂದೆ ನಾಳೆಯ ಪಾಠದ ಒಂದು ಹಾಳೆ, ಸ್ಕೇಲು, ಮೋಟು ಪೆನ್ಸಿಲ್ಲು. ಹಾಳೆಯ ತುಂಬ ಇಪ್ಪತ್ನಾಲ್ಕು ಖಾನೆಗಳ ಒಂದು ಆನೆ. ಖಾನೆಗೊಂದು ಭಾಗಾಕಾರ. ಉತ್ತರ ಆರು ಬಂದರೆ ನೀಲಿ, ಎಂಟು ಬಂದರೆ ಹಳದಿ, ಒಂಬತ್ತು ಬಂದರೆ ಕೆಂಪು. ಲೆಕ್ಕ ಮಾಡಿದ ಮಗುವಿಗಷ್ಟೇ ಈ ಆನೆಯ ಬಣ್ಣ ಗೊತ್ತಾಗುತ್ತದೆ.

ಇವತ್ತು ಮಾತ್ರ ಕೈ ಓಡುತ್ತಿಲ್ಲ. "ಏನ್ ಹೇಳಲಿ ಸರ್, ಪರೀಕ್ಷೆ ಮಕ್ಕಳಿಗೆ, ಹೊಟ್ಟೆನೋವು ನಂಗೆ" ಎಂದು, ಇವರ ಬಗ್ಗೆ ಬರೆಯಲು ಬಂದ ನನ್ನೆದುರು ನಗಲು ನೋಡುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಇವರು ಟೀಚರ್ ಅಲ್ಲ, ಅಟೆಂಡರ್. ಗಂಟೆ ಹೊಡೆಯುವುದು, ಕಸ ಗುಡಿಸುವುದು, ನೀರಿನ ಡ್ರಮ್ಮು ತುಂಬಿಸುವುದು ಇವರ ಕೆಲಸ. ಮಕ್ಕಳ ಬಾಯಲ್ಲಿ ಇವರು ಬಣ್ಣದಕ್ಕ. ಇವತ್ತು ಹತ್ತು ಗಂಟೆಗೆ ಮೂವತ್ತೆಂಟು ಮಕ್ಕಳು ಚಿತ್ರವಿಲ್ಲದ, ಬಣ್ಣವಿಲ್ಲದ ಹಾಳೆಯಲ್ಲಿ ಇಪ್ಪತ್ತು ಭಾಗಾಕಾರ ಮಾಡಬೇಕು. ಅರ್ಧದಷ್ಟು ಮಕ್ಕಳಾದರೂ ಪಾಸಾಗದಿದ್ದರೆ ಬಣ್ಣದ ಪಿರಿಯಡ್ ಬಂದ್. ಹೆಡ್ ಮೇಡಂ ಖಡಾಖಂಡಿತವಾಗಿ ಹೇಳಿದ್ದಾರೆ.

ಶುರುವಾದದ್ದು ಹೋದ ವರ್ಷ. ಗಣಿತದ ಟೀಚರ್ ರಜೆಯ ಮೇಲೆ ಹೋದಾಗ, ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೊಳ್ಳಿ ಎಂದು ಇವರನ್ನು ಕ್ಲಾಸಿನಲ್ಲಿ ಕೂರಿಸಿದರು. ಬಣ್ಣ ಹಚ್ಚಲು ಕೊಟ್ಟರೆ ಮಕ್ಕಳು ತೆಪ್ಪಗಿದ್ದರು. ಆಮೇಲೆ ಇವರು ಮೆಲ್ಲಗೆ ಲೆಕ್ಕ ತೂರಿಸಿದರು. "ನಾನು ಸ್ಕೂಲು ಬಿಟ್ಟಿದ್ದೇ ಭಾಗಾಕಾರಕ್ಕೆ ಹೆದರಿ. ಅದೊಂದು ಕಬ್ಬಿಣದ ಕಡಲೆ. ಮದುವೆ ಆದ್ಮೇಲೆ ನಮ್ಮನೆಯವರು ಅಂಗಿ ಗುಂಡಿ ಹಂಚಿಸಿ ಹಂಚಿಸಿ ಕಲಿಸಿದ್ರು" ಎನ್ನುತ್ತಾರೆ. ಯಜಮಾನರು ಬಸ್ ಕಂಡಕ್ಟರ್. ಬೆಳಗಿನ ಟೀ ಕುಡಿಯುತ್ತ ಹೆಂಡತಿಯ ಹಾಳೆಯನ್ನು ತಪಾಸಣೆ ಮಾಡುವುದು ಅವರ ಕೆಲಸ. ದಿನಕ್ಕೆ ಮಗುವಿಗೊಂದರಂತೆ ಮೂವತ್ತೆಂಟು ಹಾಳೆ, ಒಟ್ಟು ಒಂಬೈನೂರ ಹನ್ನೆರಡು ಭಾಗಾಕಾರ. ಭಾಗಾಕಾರ ಅಂದರೆ ನನಗೂ ಅಷ್ಟಕ್ಕಷ್ಟೇ. ಕೇಳಿಯೇ ತಲೆ ತಿರುಗಿತು.

ಮೂರು ವಾರದ ಹಿಂದೆ ಒಂದು ಎಡವಟ್ಟಾಯಿತು. ಯಜಮಾನರು ಮೊದಲ ಪಾಳಿಗೆ ಹೋಗಿದ್ದರು, ಹಾಳೆ ನೋಡುವವರಿರಲಿಲ್ಲ. ಅಂದಿನ ಚಿತ್ರ ಗಿಳಿ. ಒಂಬತ್ತಕ್ಕೆ ಹಸಿರು, ಐದಕ್ಕೆ ಕೆಂಪು. ರೆಕ್ಕೆಯ ಒಂದು ಖಾನೆಯಲ್ಲಿ 54ನ್ನು 6ರಿಂದ ಭಾಗಿಸಿ ಎಂದು ಬರೆಯುವ ಬದಲು 45ನ್ನು 9ರಿಂದ ಎಂದು ಇವರು ಬರೆದರು. ಉತ್ತರ ಐದು. ಹಸಿರು ರೆಕ್ಕೆಯ ನಡುವೆ ಆ ಖಾನೆ ಕೆಂಪಾಗಬೇಕು. ಮೂವತ್ತೇಳು ಮಕ್ಕಳು ಕಣ್ಣುಮುಚ್ಚಿ ಹಸಿರು ಬಳಿದಿದ್ದರು. ಪಿಸುಪಿಸು ಎಂದೇ ಮಾತಾಡುವ ಒಬ್ಬ ಹುಡುಗಿ ಮಾತ್ರ ಕೆಂಪು ಹಚ್ಚಿ, ತಾನೇ ತಪ್ಪು ಮಾಡಿದೆನೆಂದು ಬಿಕ್ಕುತ್ತಿದ್ದಳು.

"ಅವಳ ಕಣ್ಣು ಒರೆಸಿ, ಉಳಿದ ಮೂವತ್ತೇಳು ಹಾಳೇನೂ ಮತ್ತೆ ತೆಗೆದು ನೋಡ್ದೆ" ಎನ್ನುತ್ತಾರೆ. "ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಹಾಗೆ, ಗಿಳಿ ಅಂದ್ರೆ ಹಸಿರು ಬಳಿ! ಯಾರೂ ಲೆಕ್ಕಾನೇ ಮಾಡ್ತಿರಲಿಲ್ಲ ಸರ್. ವರ್ಷವೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ್ದೆ."

ಮರುದಿನದಿಂದ ಇವರ ಲೋಕದಲ್ಲಿ ಆನೆ ನೀಲಿ, ಎಲೆ ನೇರಳೆ, ಸೂರ್ಯ ಹಸಿರು. ಮಕ್ಕಳು ಬಿಟ್ಟಾರೆಯೇ? "ಅಕ್ಕಾ, ಎಲ್ಲಾದ್ರೂ ನೀಲಿ ಆನೆ ಇರತ್ತಾ?" ಎಂದು ಕೇಳಿದರೆ ಇವರದ್ದು ಒಂದೇ ಉತ್ತರ: "ಭಾಗಿಸಿ ನೋಡು, ಇರತ್ತೆ." ಆದರೆ ಸಿಕ್ಕಿದ್ದು ಮೂರೇ ವಾರ. ಸಾಲುತ್ತದೆಯೋ ಇಲ್ಲವೋ, ಯಾರಿಗೆ ಗೊತ್ತು?

ಹತ್ತು ಗಂಟೆ. ಪರೀಕ್ಷೆ ಶುರುವಾಗಿದೆ. ಬಣ್ಣದಕ್ಕ ವರಾಂಡದಲ್ಲಿ ನಿಂತು ಒಂದೇ ಕಿಟಕಿಯನ್ನು ನಾಲ್ಕನೇ ಸಲ ಒರೆಸುತ್ತಿದ್ದಾರೆ. "ಅಯ್ಯೋ, ಆ ಮೂಲೆಯವನು ಇನ್ನೂ ಮೊದಲನೇದ್ರಲ್ಲೇ ಇದಾನಲ್ಲ! ಬರಿಯೋ ಪುಟ್ಟಾ" ಎಂದು ಹಲ್ಲು ಕಚ್ಚಿ ಗೊಣಗುತ್ತಾರೆ. ನಾನೂ ಬಾಗಿ ಇಣುಕುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಸಮಯ ಮುಗಿದಾಗ ಒಳಗಿನಿಂದ ಕ್ಲಾಸ್ ಟೀಚರ್ ಕೂಗಬೇಕಾಗುತ್ತದೆ: "ಅಕ್ಕಾ, ಗಂಟೆ ಹೊಡೀರಿ!"

ಮಧ್ಯಾಹ್ನ ಎರಡಕ್ಕೆ ಹೆಡ್ ಮೇಡಂ ಕೋಣೆಯಿಂದ ಕರೆ. ಇಪ್ಪತ್ಮೂರು ಮಕ್ಕಳು ಪಾಸು. "ಮುಂದುವರಿಸಿ" ಎಂದಷ್ಟೇ ಹೇಳಿ ಮೇಡಂ ಕನ್ನಡಕ ತೆಗೆಯುತ್ತಾರೆ.

ಗೆದ್ದಿರಲ್ಲ ಎಂದು ನಾನು ಹೇಳಿದ್ದು ಬಣ್ಣದಕ್ಕನ ಕಿವಿಗೇ ಬೀಳುವುದಿಲ್ಲ. ಫೇಲಾದವರ ಹದಿನೈದು ಹಾಳೆ ಕೇಳಿ ಪಡೆದು, ವರಾಂಡದ ಸ್ಟೂಲಿನ ಮೇಲೆ ಕೂತು, ಒಂದೊಂದನ್ನೇ ಕಣ್ಣ ಹತ್ತಿರ ಹಿಡಿದು ನೋಡುತ್ತಾರೆ. ಅಂಚಿನ ತುಂಬ ಸಣ್ಣ ಗೀಟುಗಳು, ಗುಂಪು ಮಾಡಿ ಸುತ್ತಿದ ಸೊನ್ನೆಗಳು, ಹೊಡೆದುಹಾಕಿ ಮತ್ತೆ ಮಾಡಿದ ಲೆಕ್ಕಗಳು. ಕೊನೆಯ ಹಾಳೆ ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಏಳರ ಮಗ್ಗಿ ಕೈಕೊಟ್ಟಿದೆ, ನಾಳೆಯಿಂದ ಅದನ್ನ ಹಿಡೀತೀನಿ" ಎನ್ನುತ್ತಾರೆ. "ಆದ್ರೆ ನೋಡಿ ಸರ್, ಹದಿನೈದರಲ್ಲಿ ಒಬ್ಬರೂ ಸುಮ್ನೆ ಏನೋ ಒಂದು ಗೀಚಿಲ್ಲ. ಎಲ್ಲರೂ ತಾವೇ ಭಾಗಿಸಿ ತಪ್ಪಿದಾರೆ."