ನೌಬಾದಿನ ಖೋಲಿ, ಭಾತಂಬ್ರಾದ ಕರು

“ಖೋಲಿ ಖಾಲಿ ಅದರಿ” ಎಂದು ಬೀದರಿನ ನೌಬಾದಿನಲ್ಲಿ ಮನೆಯೊಡತಿ ಸುಶೀಲಮ್ಮ ಹೇಳಿದಾಗ, ಸೂಟ್‌ಕೇಸ್ ಹಿಡಿದು ಗೇಟಿನಲ್ಲಿ ನಿಂತಿದ್ದ ನಾನು, “ಪರವಾಗಿಲ್ಲಮ್ಮ, ತರಕಾರಿಯೇ ಸಾಕು” ಎಂದೆ. ಮಳವಳ್ಳಿಯಿಂದ ಬಂದ ಕಿವಿಗೆ ಅದು ಕೋಳಿ ಎಂದೇ ಕೇಳಿಸಿತ್ತು. ಇಲ್ಲಿ ಖೋಲಿ ಎಂದರೆ ಕೋಣೆ. ಅವರು ನಗು ತಡೆದುಕೊಂಡು ಬೀಗ ತೆಗೆದರು. ಕನ್ನಡದ ಊರಿಗೇ ಬಂದು ಕನ್ನಡ ಕಲಿಯಬೇಕಾಯಿತು.

ನನ್ನ ಕೆಲಸ ಪ್ರಯೋಗಾಲಯದಲ್ಲಿ ದನಗಳ ಭ್ರೂಣ ಬೆಳೆಸುವುದು. ನಮ್ಮ ಕಡೆ ಮುದ್ದೆ ನುಂಗುತ್ತೇವೆ, ಇಲ್ಲಿ ಜೋಳದ ರೊಟ್ಟಿ ಅಗಿಯಬೇಕು. ಮೊದಮೊದಲು ದವಡೆ ನೋಯುತ್ತಿತ್ತು. ಮಾತಾಡಲು ಯಾರೂ ಇಲ್ಲದ ಭಾನುವಾರಗಳು ಅದಕ್ಕಿಂತ ಹೆಚ್ಚು ನೋಯುತ್ತಿದ್ದವು. ನಿವೃತ್ತ ನರ್ಸ್ ಸುಶೀಲಮ್ಮ ಚರ್ಚಿನಿಂದ ಬಂದವರೇ ಊಟಕ್ಕೆ ಕರೆಯತೊಡಗಿದರು.

ಒಮ್ಮೆ ಬಡಿಸುತ್ತ ಕೇಳಿದರು: “ಭಾಲ್ಕಿ ಕಡಿ ಭಾತಂಬ್ರಾದಾಗ ನಮ್ಮ ತಮ್ಮ ಪ್ರಭಾಕರಂದು ದೇವಣಿ ಆಕಳ ಅದ, ಚಂದ್ರಿ ಅಂತ. ವಯಸ್ಸಾಗ್ಯದ, ಗಬ್ಬ ನಿಲ್ಲವಲ್ದು. ಅದರದೊಂದು ಕರ ಉಳಿದ್ರ ಸಾಕಂತಾನ. ನಿಮ್ಮಲ್ಲಿ ಆಗ್ತದೇನು?”

ಸ್ಕ್ಯಾನ್ ನೋಡುತ್ತ ಸೂಜಿಯಿಂದ ಚಂದ್ರಿಯ ಅಂಡಾಣು ತೆಗೆದು, ಪ್ರಯೋಗಾಲಯದಲ್ಲಿ ದೇವಣಿ ತಳಿಯದೇ ಹೋರಿಯ ವೀರ್ಯದೊಂದಿಗೆ ಸೇರಿಸಿದೆವು. ಒಂದೊಂದು ಭ್ರೂಣವನ್ನೂ ಪೋಷಕ ದ್ರವದ ಬೇರೆ ಬೇರೆ ಹನಿಯಲ್ಲಿಟ್ಟು, ಮೇಲೆ ಎಣ್ಣೆಯ ಪದರ ಹಾಕಿ, ಹಸುವಿನ ಮೈಯಷ್ಟೇ ಬಿಸಿಯಿರುವ ಇನ್‌ಕ್ಯುಬೇಟರಿನಲ್ಲಿಟ್ಟೆ. ಎರಡು ಕೋಶವಾದವು, ನಾಲ್ಕಾದವು. ಎಂಟಕ್ಕೆ ಬಂದು ಎಲ್ಲವೂ ನಿಂತುಬಿಟ್ಟವು.

ಮನೆಗೆ ಬಂದು ಹೇಳುತ್ತಲೇ ಅತ್ತುಬಿಟ್ಟೆ. ಸುಶೀಲಮ್ಮ ತಾಟು ಮುಂದಿಟ್ಟರು. “ನಾನೂ ಎಳೆ ಕೂಸುಗಳ ವಾರ್ಡಿನ್ಯಾಗ ಇದ್ದಾಕಿ. ಮೊದಲ ಉಣ್ಣವಾ, ಆಮ್ಯಾಲ ಅಳು.”

ಭಾತಂಬ್ರಾದ ಕೊಟ್ಟಿಗೆಯಲ್ಲಿ ಪ್ರಭಾಕರಣ್ಣ ಚಂದ್ರಿಯ ಬೆನ್ನು ಸವರುತ್ತ ಹೇಳಿದರು: “ಆಕಿಗಿ ಮತ್ತ ಮತ್ತ ತ್ರಾಸ ಬ್ಯಾಡ್ರಿ. ಇದೊಂದ ಸಲ ನೋಡ್ರಿ, ಸಾಕು.”

ಮತ್ತೊಮ್ಮೆ ಅಂಡಾಣು ತೆಗೆದು, ಈ ಸಲ ಭ್ರೂಣಗಳನ್ನೆಲ್ಲ ಒಂದೇ ಹನಿಯಲ್ಲಿ ಜೊತೆಗಿಟ್ಟೆ. ಒಂದು ಭ್ರೂಣ ಒಸರುವ ಸತ್ವ ಪಕ್ಕದ್ದಕ್ಕೂ ಆಸರೆಯಾಗುತ್ತದೆ. ಇನ್‌ಕ್ಯುಬೇಟರಿನ ಒಳಗಿನ ಆಮ್ಲಜನಕವನ್ನೂ ಗರ್ಭದಲ್ಲಿರುವಷ್ಟಕ್ಕೆ ಇಳಿಸಿದೆ. ನೋಡಬೇಕೆಂಬ ಆಸೆ ಎಷ್ಟಿದ್ದರೂ ಬಾಗಿಲು ಪದೇ ಪದೇ ತೆರೆಯಲಿಲ್ಲ. ವಾರ ಕಳೆದಾಗ ಅವುಗಳಲ್ಲಿ ಒಂದು ಒಳಗೆ ನೀರು ತುಂಬಿಕೊಂಡು ಪುಟ್ಟ ಚೆಂಡಿನಂತೆ ಉಬ್ಬಿತ್ತು. ಅದನ್ನು ಚಂದ್ರಿಯ ಕೊಟ್ಟಿಗೆಯಲ್ಲೇ ಇದ್ದ ಇನ್ನೊಂದು ಎಳೆಯ ಹಸುವಿನ ಗರ್ಭದಲ್ಲಿ ಇರಿಸಿದೆವು.

ಒಂಬತ್ತು ತಿಂಗಳ ನಂತರ, ಕರು ಹುಟ್ಟಿದ ಬೆಳಿಗ್ಗೆ ಸುಶೀಲಮ್ಮನೊಂದಿಗೆ ಭಾಲ್ಕಿ ಬಸ್ಸು ಹತ್ತಿ ಹೋದೆ. ಬಿಳಿ ಮೈ, ಕಪ್ಪು ಮಚ್ಚೆ, ಚಂದ್ರಿಯದೇ ಮುಖ. ಚಂದ್ರಿ ಕತ್ತು ಚಾಚಿ ಅದನ್ನು ಮೂಸಿತು. ಕರು ತಡವರಿಸುತ್ತ ಎಳೆಯ ಹಸುವಿನ ಕೆಚ್ಚಲಿಗೆ ಹೋಯಿತು. ಪ್ರಭಾಕರಣ್ಣ ಟವೆಲಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಮಳವಳ್ಳಿಯಿಂದ ಅವ್ವನ ಫೋನು ಬಂತು. “ಎಲ್ಲಿದ್ದೀಯ ಮಗ?”

“ಭಾತಂಬ್ರಾದಾಗ ಇದ್ದೇನವ್ವ. ಸಂಜೆಗೆ ಮನೆಗೆ ಹೋಗ್ತೇನಿ.”

ಅವ್ವ ಕೇಳಿದಳು: “ಯಾವ ಮನೆಗೆ?”

ಉತ್ತರ ಹೇಳಲು ಬಾಯಿ ತೆರೆದೆ. ಮಳವಳ್ಳಿ, ನೌಬಾದ್, ಎರಡೂ ಒಟ್ಟಿಗೇ ನಾಲಿಗೆಗೆ ಬಂದವು.